ಕೆಲಸ ಕಲಿಸಿದ ಊರು: ದಾವಣಗೆರೆ–ಹರಿಹರದಲ್ಲಿ ತಂತ್ರಜ್ಞಾನ ಬಡವರ ಕೈಗೆ ಬಂದ ಒಂಬತ್ತು ದಶಕ

ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 15ರಂದು. ಆಗ ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ. ಬಳ್ಳಾರಿಯಿಂದ ಹರಪನಹಳ್ಳಿ ಸೇರಿ ಹೊಸ ಜಿಲ್ಲೆಯಾಯಿತು. ಬೆಳ್ಳಿಹಬ್ಬವನ್ನೂ ದಾಟಿ ಬಂದಿರುವ ಜಿಲ್ಲೆಯ ಕಥೆಯನ್ನು ಹೇಳುವಾಗ ಕಾಲೇಜು, ಆಸ್ಪತ್ರೆ, ಭದ್ರಾ ನಾಲೆ, ಬೆಣ್ಣೆದೋಸೆ ಎಲ್ಲವೂ ನೆನಪಿಗೆ ಬರುತ್ತವೆ. ಅವುಗಳ ನಡುವೆ ಅಷ್ಟಾಗಿ ದಾಖಲಾಗದೆ ಉಳಿದ ಇನ್ನೊಂದು ಕೆಲಸವಿದೆ. ಕೈಯಲ್ಲಿ ಕಾಸಿಲ್ಲದೆ ಕೆಲಸ ಹುಡುಕಿಕೊಂಡು ಬಂದವರಿಗೆ ಆಯಾ ಕಾಲದ ಯಂತ್ರವನ್ನು ಪರಿಚಯಿಸಿ, ಅದನ್ನು ನಡೆಸುವುದನ್ನು ಕಲಿಸುವ ಕೆಲಸ ಅದು.

ಈ ಕೆಲಸವನ್ನು ಒಂದೇ ಸಂಸ್ಥೆ ಮಾಡಲಿಲ್ಲ. ಗಿರಣಿಗಳು, ಕಾರ್ಖಾನೆಗಳು, ಐಟಿಐಗಳು, ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು, ಉದ್ಯೋಗ ವಿನಿಮಯ ಕಚೇರಿ, ಗ್ರಂಥಾಲಯಗಳು, ಕರ್ನಾಟಕ ಒನ್ ಮತ್ತು ಗ್ರಾಮ ಒನ್ ಕೇಂದ್ರಗಳು ಒಂದರ ನಂತರ ಒಂದು ಹೊತ್ತುಕೊಂಡು ಬಂದ ಹೊಣೆ ಇದು. ಇವೆಲ್ಲವನ್ನೂ ಒಂದು ಸಂಸ್ಥೆಯ ಚರಿತ್ರೆಯಂತೆ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ಯಂತ್ರ ತಂದಿಟ್ಟ ಮಾತ್ರಕ್ಕೆ ಈ ಊರಿನ ಬಡವರು ಅದನ್ನು ಕಲಿತಿಲ್ಲ. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇದ್ದಾಗಲೆಲ್ಲ ಕಲಿತಿದ್ದಾರೆ.

ಗಿರಣಿಯೇ ಪಾಠಶಾಲೆ: 1930–1950

ಹತ್ತಿ ಬೆಳೆಯುವ ಎರೆಭೂಮಿಯ ನಡುವೆ, ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದ ಮೇಲಿರುವ ದಾವಣಗೆರೆ ಮೊದಲು ಪೇಟೆ, ಆಮೇಲೆ ಗಿರಣಿಯ ಊರು. ಮಂಡಿಪೇಟೆ, ಚೌಕಿಪೇಟೆಯ ವರ್ತಕರು ಹತ್ತಿ, ಶೇಂಗಾ ವ್ಯಾಪಾರದಲ್ಲಿ ಗಳಿಸಿದ ಬಂಡವಾಳವನ್ನು 1930ರ ದಶಕದಲ್ಲಿ ನೂಲಿನ ಗಿರಣಿಗೆ ಹಾಕಿದರು. ದಾವಣಗೆರೆ ಕಾಟನ್ ಮಿಲ್ಸ್‌ನ ಜೊತೆಗೆ ಮುಂದಿನ ದಶಕಗಳಲ್ಲಿ ಚಂದ್ರೋದಯ, ಗಣೇಶರ್, ಆಂಜನೇಯ, ಶಂಕರ್ ಹೆಸರಿನ ಗಿರಣಿಗಳು ಬಂದವು. ತೋಳಹುಣಸೆಯಲ್ಲಿ ಯಲ್ಲಮ್ಮ ಕಾಟನ್, ವುಲನ್ ಅಂಡ್ ಸಿಲ್ಕ್ ಮಿಲ್ಸ್ ಎದ್ದಿತು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರೇ ಬಿತ್ತು.

ಆ ಗಿರಣಿಗಳು ಸಂಬಳ ಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ಅವು ಪಾಠಶಾಲೆಗಳೂ ಆಗಿದ್ದವು ಎಂಬುದನ್ನು ಇಲ್ಲಿ ದಾಖಲಿಸಬೇಕು. ಹಳ್ಳಿಯಿಂದ ಬಂದ ಹುಡುಗ ನೆಂಟರ ಅಥವಾ ಊರವರ ಮಾತಿನ ಮೇಲೆ ಗೇಟಿನ ಬಳಿ ನಿಲ್ಲುತ್ತಿದ್ದ. ಆ ಪಾಳಿಗೆ ಕಾಯಂ ಕಾರ್ಮಿಕ ಬಾರದಿದ್ದರೆ ಅವನ ಜಾಗಕ್ಕೆ ಬದಲಿಯಾಗಿ ಒಳಗೆ ಕರೆಯುತ್ತಿದ್ದರು. ಒಳಗೆ ಹೋದವನಿಗೆ ಮೊದಲ ಪಾಠ ಕಡಿದ ನೂಲನ್ನು ಸೇರಿಸುವುದು. ತಿರುಗುವ ಕದಿರನ್ನು ಬೆರಳಿಂದ ತಡೆದು, ಎಳೆಯ ತುದಿ ಹುಡುಕಿ, ಮೇಲಿಂದ ಇಳಿಯುವ ಹತ್ತಿಯ ಎಳೆಗೆ ತಾಗಿಸಿ ಬಿಡಬೇಕು. ತಡವಾದರೆ ನೂಲು ದಪ್ಪವಾಗುತ್ತದೆ, ಅವಸರಪಟ್ಟರೆ ಮತ್ತೆ ಕಡಿಯುತ್ತದೆ. ಇದನ್ನು ಪಕ್ಕದ ಸಾಲಿನ ಹಿರಿಯ ಕಾರ್ಮಿಕ ಕೈ ಹಿಡಿದು ತೋರಿಸುತ್ತಿದ್ದ. ಓದು ಬರಹ ಬಾರದವರೂ ವಿದ್ಯುತ್ ಯಂತ್ರದ ವೇಗಕ್ಕೆ ಒಗ್ಗಿಕೊಂಡದ್ದು ಹೀಗೆ. ಕಲಿಯುವ ದಿನಕ್ಕೂ ಕೂಲಿ ಸಿಗುತ್ತಿತ್ತು ಎಂಬುದು ಬಡ ಕುಟುಂಬಗಳಿಗೆ ಬಹಳ ದೊಡ್ಡ ಮಾತು.

ಹರಿಹರದ ದಾರಿ ಬೇರೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಕಬ್ಬಿಣದ ನೇಗಿಲಿನಿಂದ ಹೆಸರು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1941ರಲ್ಲಿ ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿಯನ್ನು ಆರಂಭಿಸಿತು. ಹರಿಹರೇಶ್ವರನ ಹೊಯ್ಸಳ ದೇಗುಲಕ್ಕೆ ಹೆಸರಾಗಿದ್ದ ಊರು ಲೇತ್ ಯಂತ್ರಕ್ಕೂ ಹೆಸರಾಯಿತು. ಇಲ್ಲಿ ತಯಾರಾದ ಎಂಟರ್‌ಪ್ರೈಸ್ ಲೇತ್‌ಗಳು ದೇಶದ ಕಾರ್ಖಾನೆ, ಪಾಲಿಟೆಕ್ನಿಕ್, ಗ್ಯಾರೇಜುಗಳಿಗೆ ಹೋದವು. ಯಂತ್ರ ತಯಾರಿಸುವ ಯಂತ್ರವನ್ನೇ ಮಾಡುವ ಊರಿನಲ್ಲಿ ಟರ್ನರ್, ಫಿಟ್ಟರ್, ಮೌಲ್ಡರ್ ಎಂಬುವು ಮನೆಮಾತಾದವು. ವರ್ನಿಯರ್ ಹಿಡಿದು ಅಳತೆ ನೋಡುವುದನ್ನು ಅಪ್ಪನಿಂದ ಮಗ ಕಲಿತ ಮನೆಗಳು ಹರಿಹರದಲ್ಲಿ ಹಲವು.

ದಾನಿಗಳು ಕಟ್ಟಿದ ತರಗತಿಗಳು: 1951–1979

ಗಿರಣಿಯ ನೆಲದಲ್ಲಿ ಕಲಿತದ್ದು ಒಂದು ಮಟ್ಟದವರೆಗೆ ಮಾತ್ರ ಒಯ್ಯುತ್ತದೆ ಎಂದು ಮೊದಲು ಅರಿತವರು ಊರಿನ ವರ್ತಕರೇ. 1951ರಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅವರ ದಾನದಿಂದ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಬೆಂಗಳೂರಿಗೆ ಹೋಗಿ ಓದಿಸುವ ಶಕ್ತಿಯಿಲ್ಲದ ಮಧ್ಯ ಕರ್ನಾಟಕದ ಮನೆಗಳಿಗೆ ಎಂಜಿನಿಯರಿಂಗ್ ಮೊದಲ ಬಾರಿಗೆ ಹತ್ತಿರ ಬಂತು. ಇಂದು ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಅಂಗಸಂಸ್ಥೆ. ರಾಜನಹಳ್ಳಿ ಮನೆತನದ ಹೆಸರನ್ನು ಡಿಆರ್‌ಎಂ ವಿಜ್ಞಾನ ಕಾಲೇಜು ಹೊತ್ತಿದೆ. ಚಿಗಟೇರಿ ಮನೆತನದ ಹೆಸರು ಜಿಲ್ಲಾಸ್ಪತ್ರೆಯಲ್ಲಿ ನಿತ್ಯ ನೆನಪಾಗುತ್ತದೆ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜನ್ನೂ 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಗಿರಣಿಯ ಊರು ವಿದ್ಯೆಯ ಊರಾಗಿ ಬೆಳೆದ ಬಗೆ ಇದು.

ಆದರೆ ಹತ್ತನೇ ತರಗತಿಗೆ ನಿಲ್ಲಿಸಿದವರ, ಫೇಲಾದವರ ಪಾಡೇನು? ಅವರಿಗಾಗಿ ಬಂದವು ಐಟಿಐಗಳು. ಕೇಂದ್ರ ಸರ್ಕಾರ 1950ರಲ್ಲಿ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆ, 1961ರ ಅಪ್ರೆಂಟಿಸ್ ಕಾಯ್ದೆ ಎರಡೂ ಸೇರಿ ಕಾರ್ಖಾನೆಯೊಳಗಿನ ಕಲಿಕೆಗೆ ಒಂದು ಚೌಕಟ್ಟು ಕೊಟ್ಟವು. ಐಟಿಐಯಲ್ಲಿ ಕಲಿತವನು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆದು, ರಾಷ್ಟ್ರೀಯ ಪ್ರಮಾಣಪತ್ರದೊಂದಿಗೆ ಹೊರಬರುವ ದಾರಿ ತೆರೆಯಿತು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಉತ್ಪಾದನೆ ಆರಂಭಿಸಿದಾಗ ನದಿಯ ಎರಡೂ ಕಡೆಯ ಊರುಗಳಿಗೆ ಇನ್ನೊಂದು ಬಾಗಿಲು ಸಿಕ್ಕಿತು.

ಈ ಕಾಲದ ಇನ್ನೊಂದು ಸಂಸ್ಥೆಗೆ ಫಲಕ ಸಣ್ಣದು, ಸೇವೆ ದೊಡ್ಡದು. ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಮಹಡಿಯ ಮೇಲಿನ ಒಂದೇ ಕೋಣೆ, ಸಾಲಾಗಿ ಇಟ್ಟ ರೆಮಿಂಗ್ಟನ್ ಯಂತ್ರಗಳು, ಗಂಟೆಗೊಂದು ಬ್ಯಾಚು. ಕೆ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚಿಗೆ ಕೀಲಿಮಣೆ ರೂಪಿಸಿಕೊಟ್ಟ ಮೇಲೆ ಇಂಗ್ಲಿಷಿನ ಜೊತೆ ಕನ್ನಡದ ಜೂನಿಯರ್, ಸೀನಿಯರ್ ಪರೀಕ್ಷೆಗೂ ಹುಡುಗಿಯರು ಕೂತರು. ಗಿರಣಿಯ ಗೇಟು ಹೆಚ್ಚಾಗಿ ಗಂಡಸರಿಗೆ ತೆರೆದಿದ್ದ ಊರಿನಲ್ಲಿ, ಕೂಲಿಕಾರರ ಮನೆಯ ಹೆಣ್ಣುಮಕ್ಕಳು ಮುಟ್ಟಿದ ಮೊದಲ ಕಚೇರಿ ಯಂತ್ರ ಬಹುಮಟ್ಟಿಗೆ ಈ ಬೆರಳಚ್ಚು ಯಂತ್ರವೇ. ಕೋರ್ಟು, ತಾಲ್ಲೂಕು ಕಚೇರಿ, ದಲಾಲಿ ಮಂಡಿ, ಬ್ಯಾಂಕುಗಳಲ್ಲಿ ಆ ಕಾಲದ ಗುಮಾಸ್ತೆಯರನೇಕರು ಆ ಕೋಣೆಗಳಿಂದ ಬಂದವರು.

ಸೈರನ್ ನಿಂತ ವರ್ಷಗಳು: 1980–2001

1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಹಳೆಯ ಯಂತ್ರ, ವಿದ್ಯುತ್ ಕಡಿತ, ವಿದ್ಯುತ್ ಮಗ್ಗ ಮತ್ತು ಕೃತಕ ನೂಲಿನ ಪೈಪೋಟಿ, ಏರಿದ ಸಾಲ ಎಲ್ಲವೂ ಸೇರಿದ್ದವು. ಆಡಳಿತ ಮಂಡಳಿಗಳಿಗೂ ಕಾರ್ಮಿಕ ಸಂಘಗಳಿಗೂ ಅಭಿಪ್ರಾಯ ಭೇದವಿದ್ದದ್ದು ನಿಜ. ಆದರೂ ಎರಡೂ ಕಡೆಯವರು ಊರಿನ ಹಿತವನ್ನೇ ಬಯಸಿದ್ದರೆಂದು ಇಷ್ಟು ವರ್ಷಗಳ ಮೇಲೆ ಹೇಳಬಹುದು. ಕಾರ್ಮಿಕ ನಾಯಕ ಪಂಪಾಪತಿಯವರನ್ನು ಶಾಸಕರನ್ನಾಗಿ ಆರಿಸಿ ಕಳಿಸಿದ ಊರು ಇದು. ದುಡಿಯುವವರ ಮಾತಿಗೆ ಇಲ್ಲಿ ತೂಕವಿತ್ತು. ತೋಳಹುಣಸೆಯ ಯಲ್ಲಮ್ಮ ಮಿಲ್ 1974ರ ರಾಷ್ಟ್ರೀಕರಣ ಕಾಯ್ದೆಯ ಮೂಲಕ ರಾಷ್ಟ್ರೀಯ ಜವಳಿ ನಿಗಮದ ಕೈ ಸೇರಿತ್ತು. ಅದೂ ಕೊನೆಗೆ ಉಳಿಯಲಿಲ್ಲ. ಹೊಸ ಶತಮಾನದ ಆರಂಭದ ಹೊತ್ತಿಗೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕೂಡ ನಿಂತಿತು.

ಒಂದು ಕಾರ್ಖಾನೆ ಮುಚ್ಚಿದಾಗ ಎಷ್ಟು ಜನರ ಸಂಬಳ ನಿಂತಿತೆಂದು ಎಣಿಸುತ್ತೇವೆ. ಆ ಕಾರ್ಖಾನೆ ವರ್ಷವರ್ಷವೂ ಕಲಿಸುತ್ತಿದ್ದ ಹೊಸ ಹುಡುಗರ ಲೆಕ್ಕವನ್ನು ಯಾರೂ ಇಡುವುದಿಲ್ಲ. ದಾವಣಗೆರೆ–ಹರಿಹರಕ್ಕೆ ಆದ ದೊಡ್ಡ ನಷ್ಟ ಇದೇ. ಫೀಸಿಲ್ಲದೆ, ಕೂಲಿಯ ಜೊತೆಗೆ ಕಲಿಸುತ್ತಿದ್ದ ಶಾಲೆಗಳು ಮುಚ್ಚಿದವು. ಗಿರಣಿಯಿಂದ ಹೊರಬಿದ್ದವರು ಆಟೊ ಹಿಡಿದರು, ತರಕಾರಿ ಗಾಡಿ ತಳ್ಳಿದರು, ಎಪಿಎಂಸಿಯಲ್ಲಿ ಹಮಾಲಿ ಮಾಡಿದರು. ಅವರ ಮನೆಯ ಹೆಂಗಸರು ಬೀಡಿ ಕಟ್ಟಿದರು, ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿದರು. ಮಕ್ಕಳು ಓದಿದರು. ಆದರೆ ಓದಿದ ಮಕ್ಕಳಿಗೆ ಬೇಕಾದ ಹೊಸ ಯಂತ್ರ, ಅಂದರೆ ಕಂಪ್ಯೂಟರ್, ಮನೆಯಲ್ಲೂ ಇರಲಿಲ್ಲ, ಶಾಲೆಯಲ್ಲೂ ಇರಲಿಲ್ಲ.

ಉದ್ಯೋಗ ವಿನಿಮಯ ಕಚೇರಿಯ ಪಾತ್ರವೂ ಇದೇ ಕಾಲದಲ್ಲಿ ಬದಲಾಯಿತು. ಹೆಸರು ನೋಂದಾಯಿಸಿ, ಮೂರು ವರ್ಷಕ್ಕೊಮ್ಮೆ ಕಾರ್ಡು ನವೀಕರಿಸಿ, ಸಂದರ್ಶನದ ಪತ್ರಕ್ಕೆ ಕಾಯುವುದು ಒಂದು ತಲೆಮಾರಿನ ಅಭ್ಯಾಸವಾಗಿತ್ತು. ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ತಿಳಿಸುವುದರ ಜೊತೆಗೆ ಪತ್ರಿಕೆಗಳಲ್ಲೂ ಪ್ರಕಟಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವಕಾಶ ಎಲ್ಲರಿಗೂ ತೆರೆಯಿತು. ಅದರ ಜೊತೆಗೆ ಹುದ್ದೆಯ ಸುದ್ದಿಯನ್ನು ತಾನೇ ಹುಡುಕಿ, ತಾನೇ ಅರ್ಜಿ ಹಾಕುವ ಹೊಣೆಯೂ ಉದ್ಯೋಗಾಕಾಂಕ್ಷಿಯ ಹೆಗಲಿಗೆ ಬಂತು.

ಜಿಲ್ಲೆ ಹುಟ್ಟಿತು, ಕಂಪ್ಯೂಟರ್ ಬಂತು: 1997–2009

ಹೊಸ ಜಿಲ್ಲೆಯಿಂದ ಕಚೇರಿಗಳು ಹತ್ತಿರ ಬಂದವು. ಉದ್ಯೋಗ ಮೇಳಕ್ಕೆ, ಸಾಲದ ಅರ್ಜಿಗೆ ಚಿತ್ರದುರ್ಗದ ಬಸ್ಸು ಹತ್ತಬೇಕಿದ್ದ ಕಾಲ ಮುಗಿಯಿತು. ಯಾವ ತಾಲ್ಲೂಕು ಎಲ್ಲಿರಬೇಕೆಂಬ ಚರ್ಚೆಗಳು ಆಗಲೂ ಇದ್ದವು, ಮುಂದೂ ನಡೆದವು. 2018ರಲ್ಲಿ ಹರಪನಹಳ್ಳಿ ಅಲ್ಲಿನ ಜನರ ಆಶಯದಂತೆ ಬಳ್ಳಾರಿಗೆ ಮರಳಿತು.

ಕಂಪ್ಯೂಟರನ್ನು ಜನರ ಹತ್ತಿರ ತರುವ ಸರ್ಕಾರದ ಮೊದಲ ಪ್ರಯತ್ನಗಳೂ ಇದೇ ಹೊತ್ತಿನವು. 2001ರ ಹೊತ್ತಿಗೆ ಭೂಮಿ ಯೋಜನೆ ರಾಜ್ಯದ 177 ತಾಲ್ಲೂಕುಗಳಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ತಂದಿತು. ರೈತರ ಕಣ್ಣೆದುರಿಗೆ ಪರದೆ ಬಂತು. ಅದೇ ಅವಧಿಯ ಮಾಹಿತಿ ಸಿಂಧು ಯೋಜನೆ ರಾಜ್ಯದ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಪಾಠ ತಂದಿತು. 1976ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ತನ್ನ ತರಬೇತಿ ಕೇಂದ್ರಗಳನ್ನು ಜಿಲ್ಲೆ, ತಾಲ್ಲೂಕುಗಳಿಗೆ ಹರಡಿತು.

ಎಲ್ಲಕ್ಕಿಂತ ಮುಖ್ಯವಾಗಿ, ಕಂಪ್ಯೂಟರಿಗೆ ಕನ್ನಡ ಬಂತು. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳು, ನುಡಿಗೆ ಆಧಾರವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಂಗ್ಲಿಷ್ ಬಾರದವರ ಅಂಜಿಕೆಯನ್ನು ಬಹಳಷ್ಟು ತೆಗೆದವು. ಹೊಸದಾಗಿ ಕೂತವನಿಗೆ ಊರಿನ ಹೆಸರಿನಿಂದಲೇ ಪಾಠ ಆರಂಭಿಸಬಹುದಿತ್ತು. ಡಿ, ಶಿಫ್ಟ್ ಒತ್ತಿ ಎ, ವಿ, ಶಿಫ್ಟ್ ಒತ್ತಿ ಎನ್, ಜಿ, ಇ, ಆರ್, ಇ. ಎಂಟು ಕೀಲಿ ಒತ್ತಿದರೆ ಪರದೆಯ ಮೇಲೆ ದಾವಣಗೆರೆ ಮೂಡುತ್ತದೆ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಒತ್ತಿದರಾಯಿತು. ಬೆರಳಚ್ಚು ಯಂತ್ರದ ತುಂಡಕ್ಷರಗಳನ್ನು ಜೋಡಿಸಿ ರೂಢಿಯಿದ್ದವರಿಗೆ ಇದು ಎಷ್ಟು ಹಗುರವೆಂದು ಬೇರೆ ಹೇಳಬೇಕಿಲ್ಲ. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ಒಂದು ಮೂಲೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಫಲಕದಲ್ಲಿ ಕಂಪ್ಯೂಟರ್ ಸೆಂಟರ್ ಎಂದು ಸೇರಿಸಿಕೊಂಡ ವರ್ಷಗಳಿವು. ಡಿಟಿಪಿ, ಟ್ಯಾಲಿ, ಬೇಸಿಕ್ ಎಂಬ ಮೂರು ಕೋರ್ಸುಗಳು ಬಡ, ಮಧ್ಯಮ ವರ್ಗದ ಸಾವಿರಾರು ಮಕ್ಕಳನ್ನು ಮಂಡಿ ಅಂಗಡಿಯ ಲೆಕ್ಕಕ್ಕೂ ಮುದ್ರಣಾಲಯಕ್ಕೂ ಮುಟ್ಟಿಸಿದವು.

2007ರಲ್ಲಿ ದಾವಣಗೆರೆ ಮಹಾನಗರ ಪಾಲಿಕೆಯಾಯಿತು. 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿದ್ದ ಸ್ನಾತಕೋತ್ತರ ಕೇಂದ್ರ ದಾವಣಗೆರೆ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಒಂದು ಕಾಲಕ್ಕೆ ನೂಲಿನ ಗಿರಣಿ ಊಟ ಕೊಟ್ಟ ಊರಿನಲ್ಲೇ ವಿಶ್ವವಿದ್ಯಾನಿಲಯ ಎದ್ದಿರುವುದು ಈ ಜಿಲ್ಲೆ ಹಿಡಿದ ದಿಕ್ಕನ್ನು ಹೇಳುತ್ತದೆ.

ಅರ್ಜಿ ಪರದೆಗೆ ಹೋದಾಗ: 2009–2016

ಮುಂದಿನ ವರ್ಷಗಳಲ್ಲಿ ಸರ್ಕಾರಿ ಹುದ್ದೆಯ ಅರ್ಜಿಗಳು, ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆ ಎಲ್ಲವೂ ಆನ್‌ಲೈನ್ ಆದವು. ಕರ್ನಾಟಕ ಸಿವಿಲ್ ಸೇವೆಗಳಲ್ಲಿ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳು 2012ರಲ್ಲಿ ಬಂದವು. ಕಿಯೋನಿಕ್ಸ್ ಆ ಪರೀಕ್ಷೆಯನ್ನು ನಡೆಸಿತು. ಗುಮಾಸ್ತೆಯ ಹುದ್ದೆಗೂ ಕಂಪ್ಯೂಟರ್ ಬರಲೇಬೇಕೆಂದಾಯಿತು. 2015ರ ಜುಲೈಯಲ್ಲಿ ಕೇಂದ್ರದ ರಾಷ್ಟ್ರೀಯ ವೃತ್ತಿ ಸೇವೆಯ ಪೋರ್ಟಲ್ ಆರಂಭವಾಗಿ, ಉದ್ಯೋಗ ವಿನಿಮಯದ ಕಾರ್ಡು ಕೂಡ ಪರದೆಗೆ ಹೋಯಿತು.

ಈ ಬದಲಾವಣೆಯಿಂದ ಆದ ಒಳಿತು ದೊಡ್ಡದು. ಅರ್ಜಿ ಕೊಡಲು ಬೆಂಗಳೂರಿಗೆ ಹೋಗುವುದು, ಅಂಚೆ ತಡವಾಗಿ ಕೊನೆಯ ದಿನ ಕಳೆದುಹೋಗುವುದು ನಿಂತಿತು. ಆದರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಹೊಸ ಬಗೆಯ ತೊಡಕುಗಳು ಬಂದವು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು. ಎರಡೂ ಹೊಂದುವುದಿಲ್ಲ ಎಂದು ಪರದೆ ತಿರಸ್ಕರಿಸುತ್ತದೆ. ಫೋಟೊ ಇಷ್ಟು ಕೆಬಿಗಿಂತ ಕಡಿಮೆ ಇರಬೇಕು, ಸಹಿ ಅದಕ್ಕಿಂತ ಕಡಿಮೆ ಇರಬೇಕು. ಕುಗ್ಗಿಸಿದರೆ ಮುಖ ಮಸುಕಾಗುತ್ತದೆ. ಒಟಿಪಿ ಹೋಗುವ ಮೊಬೈಲ್ ನಂಬರ್ ಅಣ್ಣನದು, ಅಣ್ಣ ಕೆಲಸಕ್ಕೆ ಬೆಂಗಳೂರಿನಲ್ಲಿದ್ದಾನೆ. ಎರಡು ವರ್ಷದ ಹಿಂದೆ ಸೈಬರ್ ಸೆಂಟರಿನವರು ತೆರೆದುಕೊಟ್ಟ ಇಮೇಲ್‌ನ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ, ಪ್ರವೇಶಪತ್ರ ಬಂದಿರುವುದು ಅದಕ್ಕೇ. ಓದಿನಲ್ಲಿ ಯಾರಿಗೂ ಕಡಿಮೆಯಿಲ್ಲದ ಹುಡುಗಿ ಇಂಥ ಸಣ್ಣ ಕಾರಣಕ್ಕೆ ಪರೀಕ್ಷೆಯ ಕೊಠಡಿಯನ್ನೇ ಕಾಣದೆ ಉಳಿದದ್ದುಂಟು.

ಈ ಕೊರತೆಯನ್ನು ತುಂಬಿದವರಲ್ಲಿ ಮೊದಲು ನೆನೆಯಬೇಕಾದದ್ದು ಬಸ್ ನಿಲ್ದಾಣ, ಕಾಲೇಜು, ತಾಲ್ಲೂಕು ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರುಗಳ ಹುಡುಗ ಹುಡುಗಿಯರನ್ನು. ಇಪ್ಪತ್ತು, ಮೂವತ್ತು ರೂಪಾಯಿಗೆ ಅರ್ಜಿ ತುಂಬಿ, ತಪ್ಪು ತಿದ್ದಿ, ಕೊನೆಯ ದಿನದ ರಾತ್ರಿ ಸರ್ವರ್ ಸಿಗುವವರೆಗೆ ಕಾದು ಕೂತವರು ಅವರು. ಸರ್ಕಾರದ ಕಡೆಯಿಂದ ಕರ್ನಾಟಕ ಒನ್ ಕೇಂದ್ರಗಳು ದಾವಣಗೆರೆ ನಗರಕ್ಕೆ ಬಂದವು. ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಆರಂಭವಾಗಿ, ಅವುಗಳ ಅನುಭವದಿಂದ ಪಾಠ ಕಲಿತು 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ನಾಡಕಚೇರಿಗಳಲ್ಲಿ ತೆರೆದವು.

ಕೌಶಲಕ್ಕೊಂದು ಇಲಾಖೆ: 2016–2022

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳನ್ನು ಘೋಷಿಸಿದಾಗ ಕರ್ನಾಟಕದಿಂದ ಆಯ್ಕೆಯಾದವು ಬೆಳಗಾವಿ ಮತ್ತು ದಾವಣಗೆರೆ. ಅದೇ ವರ್ಷ ರಾಜ್ಯದಲ್ಲಿ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯಕ್ಕೆ ಪ್ರತ್ಯೇಕ ಇಲಾಖೆ ರೂಪುಗೊಂಡಿತು. 2017ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಆರಂಭವಾಗಿ, ತರಬೇತಿ ಬಯಸುವ ಯುವಜನರ ನೋಂದಣಿ ರಾಜ್ಯದಾದ್ಯಂತ ನಡೆಯಿತು. ಅದೇ ವರ್ಷ ಕೇಂದ್ರದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ದೇಶದ 6 ಕೋಟಿ ಗ್ರಾಮೀಣ ಕುಟುಂಬಗಳಲ್ಲಿ ತಲಾ ಒಬ್ಬರಿಗೆ 20 ಗಂಟೆಗಳ ಪಾಠ ತಲುಪಿಸುವ ಗುರಿಯಿಟ್ಟುಕೊಂಡಿತು. ಮೊಬೈಲ್ ಬಳಕೆ, ಇಂಟರ್‌ನೆಟ್, ಹಣ ಪಾವತಿ, ಸರ್ಕಾರಿ ಸೇವೆ ಪಡೆಯುವುದು ಆ ಪಾಠದ ತಿರುಳು.

ಹರಿಹರದ ಯಂತ್ರಜ್ಞಾನ ಪರಂಪರೆ ಮುಂದುವರಿದದ್ದು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಜಿಟಿಟಿಸಿಯಲ್ಲಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಯ ಶಾಖೆಗಳಲ್ಲಿ ಹರಿಹರವೂ ಒಂದು. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದ ಜೊತೆಗೆ ಆಟೊಕ್ಯಾಡ್, ಸಿಎನ್‌ಸಿ ಟರ್ನಿಂಗ್, ಮಿಲ್ಲಿಂಗ್‌ನಂಥ ಅಲ್ಪಾವಧಿ ತರಬೇತಿಗಳನ್ನು ಜಿಟಿಟಿಸಿ ನಡೆಸುತ್ತದೆ. ಅಪ್ಪ ಲೇತ್‌ನ ಚಕ್ರವನ್ನು ಕೈಯಲ್ಲಿ ತಿರುಗಿಸಿ ಉಳಿಯನ್ನು ಮುಂದೆ ತಂದರೆ, ಮಗ ಅದೇ ಚಲನೆಯನ್ನು ಅಕ್ಷರ ಮತ್ತು ಅಂಕಿಗಳಲ್ಲಿ ಬರೆಯುತ್ತಾನೆ. ಎಂ 03 ಎಂದರೆ ಸ್ಪಿಂಡಲ್ ತಿರುಗಲಿ, ಜಿ 00 ಎಂದರೆ ಉಳಿ ವೇಗವಾಗಿ ಹತ್ತಿರ ಬರಲಿ, ಜಿ 01 ಎಂದರೆ ಹೇಳಿದ ವೇಗದಲ್ಲಿ ನೇರ ಗೆರೆಯಲ್ಲಿ ಕೊರೆಯಲಿ. ಎಕ್ಸ್ ಎಂಬುದು ವ್ಯಾಸ, ಝಡ್ ಎಂಬುದು ಉದ್ದ. ಭಾಷೆ ಹೊಸದು, ಆದರೆ ಲೋಹದ ಗುಣ, ಉಳಿಯ ಹರಿತ, ಮೈಕ್ರೊಮೀಟರಿನ ಅಳತೆ ಹಳೆಯವೇ. ಕಿರ್ಲೋಸ್ಕರ್ ಲೇತಿನ ಮೇಲೆ ಪಳಗಿದ ಊರಿಗೆ ಈ ಹೊಸ ಪಾಠ ಪರಕೀಯವೆನಿಸಬೇಕಿಲ್ಲ.

ಐಟಿಐಗಳಿಗೂ ಹೊಸ ಉಸಿರು ಬಂತು. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ, 2022ರ ಜೂನ್ 20ರಂದು ಪ್ರಧಾನಿಯವರು ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ಫಿಟ್ಟರ್, ಎಲೆಕ್ಟ್ರೀಷಿಯನ್ ಜೊತೆಗೆ ರೊಬೊಟಿಕ್ಸ್, ವಿದ್ಯುತ್ ವಾಹನ, ಮೂರು ಆಯಾಮದ ಮುದ್ರಣದ ಪಾಠಗಳು ಐಟಿಐ ಶೆಡ್ಡಿನೊಳಗೆ ಬಂದವು.

ಊರ ಬಾಗಿಲಿಗೆ ಬಂದ ಕೇಂದ್ರಗಳು: 2020–2024

2020ರ ಲಾಕ್‌ಡೌನ್ ಎಲ್ಲರಿಗೂ ಒಂದು ಸತ್ಯವನ್ನು ತೋರಿಸಿತು. ಮನೆಗೊಂದೇ ಮೊಬೈಲ್ ಇದ್ದ ಕುಟುಂಬದಲ್ಲಿ ಮಗನ ತರಗತಿ, ಮಗಳ ಅರ್ಜಿ, ತಂದೆಯ ಕೂಲಿ ಮೂರೂ ಅದರ ಮೇಲೇ ನಿಂತಿದ್ದವು. ಅದೇ ವರ್ಷ ಗ್ರಾಮ ಒನ್ ಯೋಜನೆಯನ್ನು ಪ್ರಾಯೋಗಿಕವಾಗಿ ಜಾರಿಗೆ ತರಲು ಸರ್ಕಾರ ದಾವಣಗೆರೆ ಜಿಲ್ಲೆಯನ್ನು ಆರಿಸಿಕೊಂಡದ್ದು ಇಲ್ಲಿ ಹೆಮ್ಮೆಯಿಂದ ಬರೆಯಬೇಕಾದ ಮಾತು. ಹಳ್ಳಿಯಲ್ಲೇ ಕೇಂದ್ರ, ಊರಿನವರೇ ನಿರ್ವಾಹಕರು, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸೇವೆ. ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುವ ಬದಲು, ಕೆಲಸ ಮುಗಿಸಿ ಸಂಜೆ ಬಂದು ಅರ್ಜಿ ಹಾಕಬಹುದೆಂಬುದು ದಿನಗೂಲಿಯವರಿಗೆ ಉಳಿತಾಯವೇ ಸರಿ. ಇಲ್ಲಿನ ಅನುಭವದ ಬಲದಿಂದ 2022ರ ಜನವರಿ 26ರಂದು ಯೋಜನೆ 12 ಜಿಲ್ಲೆಗಳಿಗೆ, ಆಮೇಲೆ ರಾಜ್ಯಕ್ಕೆ ಹರಡಿತು.

ಗ್ರಂಥಾಲಯಗಳೂ ಬದಲಾದವು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬೆಳೆದ ಜಾಲಕ್ಕೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಸೇರಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪುಸ್ತಕ ಕೊಳ್ಳದೆಯೇ ಮೊಬೈಲಿನಲ್ಲಿ ಓದುವಂತಾಯಿತು. ಗ್ರಾಮ ಪಂಚಾಯಿತಿ ಮಟ್ಟದ 5,600ಕ್ಕೂ ಹೆಚ್ಚು ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಎರಡು ಇಲಾಖೆಗಳ ನಡುವಿನ ಈ ಕೈಬದಲಿಗೆ ಹೊಂದಿಕೊಳ್ಳಲು ಒಂದಷ್ಟು ಕಾಲ ಹಿಡಿಯಿತು. ಮುಂದೆ ಅವೇ ಅರಿವು ಕೇಂದ್ರಗಳಾಗಿ, ಪತ್ರಿಕೆ ಓದುವ ಮೇಜಿನ ಪಕ್ಕದಲ್ಲಿ ಕಂಪ್ಯೂಟರಿಗೂ ಜಾಗ ಮಾಡಿಕೊಟ್ಟವು. ಸಂಜೆ ಹೊತ್ತು ಪರೀಕ್ಷೆಗೆ ಓದುವ ಯುವಕ, ರಜೆಯಲ್ಲಿ ಬರುವ ಶಾಲಾ ಮಗು, ಪಿಂಚಣಿಯ ಸ್ಥಿತಿ ನೋಡಲು ಬರುವ ಅಜ್ಜಿ ಒಂದೇ ಸೂರಿನಡಿ ಕೂರುವ ಅವಕಾಶ ಅಲ್ಲಿದೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಇನ್ನೊಂದು ಅಡ್ಡಿಯನ್ನು ತೆಗೆಯಿತು. ಹರಿಹರದಿಂದ ದಾವಣಗೆರೆಗೆ ಹದಿನೈದು ಕಿಲೋಮೀಟರೂ ಇಲ್ಲ. ಆದರೂ ನಿತ್ಯ ಹೋಗಿ ಬರುವ ಬಸ್ ಚಾರ್ಜು ತಿಂಗಳ ಕೊನೆಗೆ ಬಡವರ ಮನೆಯಲ್ಲಿ ದೊಡ್ಡ ಮೊತ್ತ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಆ ಖರ್ಚು ಉಳಿದಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಅದಕ್ಕೂ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ, ನಿರುದ್ಯೋಗದ ಸ್ವಯಂ ಘೋಷಣೆ ಬೇಕು. ನೆರವು ಪಡೆಯುವ ದಾರಿಯೂ ಪರದೆಯ ಮೂಲಕವೇ ಹಾದುಹೋಗುತ್ತದೆ ಎಂಬುದನ್ನು ಗಮನಿಸಬೇಕು.

ಮುಂದಿನ ಕೆಲಸ

ಗಿರಣಿಯ ಕಾಲದಲ್ಲಿ ಗುರಿ ನೂಲು ತೆಗೆಯುವ ಕೈ. ದಾನಿಗಳ ಕಾಲದಲ್ಲಿ ಗುರಿ ಪದವಿ ಮತ್ತು ಪ್ರಮಾಣಪತ್ರ. ಕಂಪ್ಯೂಟರ್ ಬಂದ ಮೇಲೆ ಗುರಿ ಕೋರ್ಸು, ಆಮೇಲೆ ಅರ್ಜಿ. ಇಷ್ಟೆಲ್ಲ ಗುರಿ ಬದಲಾದರೂ ಬಡ ಉದ್ಯೋಗಾಕಾಂಕ್ಷಿಯ ಅಗತ್ಯ ಮೂರೇ ಆಗಿ ಉಳಿದಿದೆ: ಮುಟ್ಟಲು ಒಂದು ಯಂತ್ರ, ಕಲಿಯಲು ಬಿಡುವಿನ ಹೊತ್ತು, ತಪ್ಪಿದಾಗ ಗದರದೆ ತಿದ್ದುವ ಒಬ್ಬರು. ಮೊದಲನೆಯದನ್ನು ನಾವು ಸಾಕಷ್ಟು ಒದಗಿಸಿದ್ದೇವೆ. ಎರಡನೆಯದಕ್ಕೆ ಸ್ಟೈಪೆಂಡ್, ಉಚಿತ ಬಸ್ಸು, ಸಂಜೆಯ ಕೇಂದ್ರಗಳು ನೆರವಾಗುತ್ತಿವೆ. ಮೂರನೆಯದು ಇನ್ನೂ ಆ ಕೌಂಟರಿನಲ್ಲಿ ಕೂತವರ ಒಳ್ಳೆಯತನವನ್ನೇ ನೆಚ್ಚಿಕೊಂಡಿದೆ. ಅರ್ಜಿ ತುಂಬಿಕೊಡುವುದಕ್ಕೆ ಶುಲ್ಕವಿದೆ. ತುಂಬುವುದನ್ನು ಕಲಿಸುವುದಕ್ಕೆ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ಹಾಗಾಗಿ ಒಬ್ಬನೇ ಹುಡುಗ ಹತ್ತು ಸಲ ಅರ್ಜಿ ಹಾಕಿದರೂ ಹತ್ತೂ ಸಲ ಬೇರೆಯವರ ಕೈಯನ್ನೇ ಕಾಯಬೇಕಾಗಿದೆ.

ಆದ್ದರಿಂದ ಮುಂದಿನ ದಶಕಕ್ಕೆ ಈ ಜಿಲ್ಲೆ ಹಾಕಿಕೊಳ್ಳಬೇಕಾದ ಕೆಲಸ ಸ್ಪಷ್ಟವಿದೆ. ದಾವಣಗೆರೆಯ ಆಜಾದ್ ನಗರ, ಭಾಷಾ ನಗರ, ನಿಟ್ಟುವಳ್ಳಿ, ಹರಿಹರದ ಹಳೆಯ ಕಾರ್ಮಿಕ ಬಡಾವಣೆಗಳಂಥ ಕಡೆ ಗ್ರಂಥಾಲಯದ ಒಂದು ಕೋಣೆ ಸಂಜೆ ತೆರೆದಿರಬೇಕು. ಅಲ್ಲಿ ಐದಾರು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಪ್ರಿಂಟರ್ ಇದ್ದರೆ ಸಾಕು. ಅವುಗಳ ಜೊತೆ ಸಂಬಳ ಪಡೆಯುವ ಒಬ್ಬ ಮಾರ್ಗದರ್ಶಕಿ ಇರಲೇಬೇಕು. ಇಮೇಲ್ ತೆರೆಯುವುದು, ಪಾಸ್‌ವರ್ಡ್ ಕಾಪಾಡಿಕೊಳ್ಳುವುದು, ಬಯೋಡೇಟಾ ಬರೆಯುವುದು, ದುಡ್ಡು ಕೇಳುವ ನಕಲಿ ಉದ್ಯೋಗ ಸಂದೇಶಗಳನ್ನು ಗುರುತಿಸುವುದು, ವಿಡಿಯೊ ಸಂದರ್ಶನಕ್ಕೆ ಕೂರುವುದನ್ನು ಆಕೆ ಕಲಿಸಬೇಕು. ಬಿಡಿಟಿ, ಬಿಐಇಟಿ, ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆ ಬಂದು ಕೈಜೋಡಿಸಬಹುದು. ಕಾರ್ಖಾನೆಯಿಂದ ನಿವೃತ್ತರಾದ ಟರ್ನರ್, ಫಿಟ್ಟರ್‌ಗಳನ್ನು ಜಿಟಿಟಿಸಿ, ಐಟಿಐಗಳು ಅತಿಥಿ ಬೋಧಕರಾಗಿ ಕರೆದರೆ ಅವರ ಕೈಯ ಅನುಭವವೂ ಉಳಿಯುತ್ತದೆ.

ಇದಕ್ಕೆ ಹಣ ಎಲ್ಲಿಂದ ಎಂದು ಕೇಳುವವರಿಗೆ ಈ ಊರಿನ ಚರಿತ್ರೆಯೇ ಉತ್ತರ. ತವನಪ್ಪನವರ್, ರಾಜನಹಳ್ಳಿ, ಚಿಗಟೇರಿ ಹೆಸರುಗಳು ಕಾಲೇಜು, ಆಸ್ಪತ್ರೆಗಳ ಮೇಲೆ ಇಂದಿಗೂ ಇವೆ. ಅಂದಿನ ಕೊರತೆ ಕಟ್ಟಡದ್ದಾಗಿತ್ತು, ಅವರು ಕಟ್ಟಡ ಕೊಟ್ಟರು. ಇಂದಿನ ಕೊರತೆ ಕಲಿಸುವವರದ್ದು. ಜಿಲ್ಲೆಯ ಬೆಳ್ಳಿಹಬ್ಬದ ನೆನಪಿಗೆ ಇನ್ನೊಂದು ಕಮಾನು, ಇನ್ನೊಂದು ಸಭಾಂಗಣ ಕಟ್ಟುವ ಮನಸ್ಸುಳ್ಳ ವರ್ತಕರು, ಸಂಘ ಸಂಸ್ಥೆಗಳು, ಹೊರನಾಡಿನಲ್ಲಿ ನೆಲೆಸಿದ ದಾವಣಗೆರೆಯವರು ಒಬ್ಬೊಬ್ಬ ಮಾರ್ಗದರ್ಶಕಿಯ ಐದು ವರ್ಷದ ಸಂಬಳವನ್ನು ಹೊತ್ತುಕೊಳ್ಳಲಿ. ಪಾಲಿಕೆ, ನಗರಸಭೆ, ಪಂಚಾಯಿತಿಗಳು ಕೋಣೆ, ಕರೆಂಟು, ಇಂಟರ್‌ನೆಟ್ ಕೊಡಲಿ. ಗಿರಣಿಯ ಸಾಲಿನಲ್ಲಿ ಹೊಸಬನ ಕೈ ಹಿಡಿದು ನೂಲು ಸೇರಿಸುವುದನ್ನು ಕಲಿಸಿದ ಹಿರಿಯ ಕಾರ್ಮಿಕರಿಗೆ ಈ ಎರಡು ಊರುಗಳು ಸಲ್ಲಿಸಬಹುದಾದ ತಕ್ಕ ಗೌರವ, ಆ ಕೆಲಸವನ್ನು ಸಂಬಳ ಕೊಟ್ಟು ಮುಂದುವರಿಸುವುದೇ.